ಕ್ರಾಸಿನಿಂದ ಮನೆಯ ತನಕ ಒಂದು ಬ್ಯಾಟ್ರಿ

ಮುಶಿಗೇರಿ, ತಾ. ಗಜೇಂದ್ರಗಡ
ಸೋಮವಾರ, ೨೫ ನವೆಂಬರ್ ೨೦೨೪

ಪೂಜಾಳ ಅಪ್ಪನಿಗೆ ಅನಿತಾಳ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ದೀಪಾವಳಿಗೆ ಬಂದಾಗ ರಾತ್ರಿಯೆಲ್ಲ ಕೆಮ್ಮುತ್ತಿದ್ದಿರಿ. ಗವಂಡಿ ಕೆಲಸವೆಂದ ಮೇಲೆ ಸಿಮೆಂಟಿನ ಧೂಳು ತಪ್ಪಿದ್ದಲ್ಲ, ಆದರೆ ಮೂಗಿಗೆ ಒಂದು ಟವೆಲ್ಲು ಸುತ್ತಿಕೊಳ್ಳುವುದಕ್ಕೆ ಏನು ಕಷ್ಟವೋ ನನಗೆ ತಿಳಿಯದು. ಮಡಗಾಂವಿನಲ್ಲಿ ರೊಟ್ಟಿ ಬಡಿದುಕೊಡುವವರು ಯಾರಾದರೂ ಸಿಕ್ಕರೋ, ಇಲ್ಲ ಇನ್ನೂ ಪಾವ್ ತಿಂದೇ ದಿನ ನೂಕುತ್ತಿದ್ದೀರೋ? ಪೂಜಾ ಆರಾಮ ಇದ್ದಾಳೆ. ನಿಮ್ಮ ಅವ್ವನ ತೊಡೆಯ ಎಲುಬು ಕೂಡುತ್ತಿದೆ ಎಂದು ಗದಗಿನ ಡಾಕ್ಟರು ಹೇಳಿದ್ದಾರೆ. ಹೊರಸಿನ ಮೇಲೆ ಮಲಗಿಕೊಂಡೇ ಇಡೀ ಓಣಿಯ ಸುದ್ದಿ ಕೇಳುತ್ತಾರೆ, ನನ್ನ ಅಡುಗೆಗೆ ಉಪ್ಪು ಕಡಿಮೆ ಎನ್ನುತ್ತಾರೆ. ಅಂದರೆ ಚೇತರಿಸಿಕೊಳ್ಳುತ್ತಿದ್ದಾರೆ ಎಂದೇ ಅರ್ಥ.

ಯೋಗಕ್ಷೇಮ ಕೇಳಿದ್ದಾಯಿತು. ಇನ್ನು ಮುಂದಿನದೆಲ್ಲ ಸಿಟ್ಟಿನ ಮಾತು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನನಗೆ ಸಿಟ್ಟು ಬಂದರೆ ಮೊದಲು ಅಳು ಬರುತ್ತದೆ. ನೀವು ಅಳು ಕೇಳುತ್ತೀರಿ, ಸಿಟ್ಟು ಕೇಳುವುದಿಲ್ಲ. "ಅಳಬ್ಯಾಡ, ಆಮ್ಯಾಲ ಮಾತಾಡೂಣು" ಎಂದು ಇಟ್ಟುಬಿಡುತ್ತೀರಿ. ಆ 'ಆಮ್ಯಾಲ' ಇವತ್ತಿನ ತನಕ ಬಂದಿಲ್ಲ. ಇವತ್ತು ರಾತ್ರಿ ಗೋಣೆಪ್ಪಣ್ಣ ಗೋವಾ ಬಸ್ಸು ಹತ್ತುತ್ತಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಪತ್ರವನ್ನು ನಡುವೆ ಕಟ್ ಮಾಡಲಿಕ್ಕೆ ಬರುವುದಿಲ್ಲ. ಪೂರ್ತಿ ಓದಿರಿ.

ನೀವು ದೀಪಾವಳಿಗೆ ತಂದ ಆ ದೊಡ್ಡ ಬ್ಯಾಟ್ರಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಅಂಗಳದಲ್ಲಿ ನಿಂತು ಆಚೆ ಓಣಿಯ ಬೇವಿನ ಮರದ ಮೇಲೆ ಬೆಳಕು ಬಿಟ್ಟು, "ನೋಡ್ರಿ, ಎಲಿ ಎಲಿ ಕಾಣ್ತಾವು" ಎಂದು ಎಲ್ಲರಿಗೂ ತೋರಿಸಿದಿರಿ. ಎಲೆ ಕಂಡವು, ಖರೆ. ಆದರೆ ನಾವು ಮರ ಹತ್ತುವವರಲ್ಲ, ನೆಲದ ಮೇಲೆ ನಡೆಯುವವರು. ನಾನು ಗಜೇಂದ್ರಗಡದ ಹೊಲಿಗೆ ಕಾರ್ಖಾನೆಯ ಕೆಲಸ ಮುಗಿಸಿ ಬಸ್ಸಿಳಿಯುವಾಗ ಕ್ರಾಸಿನಲ್ಲಿ ಕತ್ತಲೆ ಕವಿದಿರುತ್ತದೆ. ಕಂಬ ಇವೆ, ದೀಪ ಇಲ್ಲ. ನಾನು ಇಳಿಯುವ ಹೊತ್ತಿಗೆ ನಿಮ್ಮ ಅವ್ವ ಆ ಬ್ಯಾಟ್ರಿ ಹಿಡಿದು ಎದುರು ಬರುತ್ತಿದ್ದರು. ಬೇಡವೆಂದರೂ ಕೇಳಲಿಲ್ಲ. ಅದರ ಬೆಳಕು ಕಡ್ಡಿಯ ಹಾಗೆ ಉದ್ದಕ್ಕೆ ಹೋಗುತ್ತದೆ, ಕಾಲಿನ ಬುಡಕ್ಕೆ ಬೀಳುವುದಿಲ್ಲ. ತೂಕವಂತೂ ಒಳಕಲ್ಲಿನ ಗುಂಡಿನಷ್ಟು. ಮುಂಜಾನೆಯಿಂದ ಚಾರ್ಜ್ ಮಾಡಿದ್ದರೂ ಆ ಸಂಜೆ ಅರ್ಧ ದಾರಿಗೇ ಪಕ್ಕನೆ ಹೋಯಿತು. ಮುಗಿಯುತ್ತ ಬಂದಿದೆ ಎಂದು ಒಂದು ಸೂಚನೆಯೂ ಕೊಡಲಿಲ್ಲ. ನೀರಿನ ಪೈಪು ಹಾಕಲು ರಸ್ತೆಯ ಬದಿಗೆ ಉದ್ದಕ್ಕೂ ತೋಡಿ ಬಿಟ್ಟಿದ್ದ ತಗ್ಗಿನಲ್ಲಿ ಅವರು ಬಿದ್ದರು. ಆ ತಗ್ಗು ಹಬ್ಬಕ್ಕೂ ಮೊದಲಿನಿಂದ ಬಾಯಿ ತೆರೆದುಕೊಂಡೇ ಇತ್ತು. ಸುತ್ತ ಒಂದು ಕಲ್ಲಿರಲಿಲ್ಲ, ಒಂದು ಮುಳ್ಳುಕಂಟಿ ಅಡ್ಡ ಇರಲಿಲ್ಲ. ಕಾಶೀಂಬಿ ಕೂಲಿ ಮುಗಿಸಿ ಹಿಂದೆ ಬರುತ್ತಿದ್ದವಳು ನರಳುವ ದನಿ ಕೇಳಿ ತಗ್ಗಿಗಿಳಿದಳು. ನಾನು ಬಂದಾಗ ನಿಮ್ಮ ಅವ್ವನ ತಲೆ ಅವಳ ತೊಡೆಯ ಮೇಲಿತ್ತು.

ಇದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ನೀವು ಮಾಡಿದ್ದೇನು? ಮೊದಲು, ಸ್ಲ್ಯಾಬ್ ಹಾಕುವುದಿದೆ, ರಜೆ ಸಿಗುವುದಿಲ್ಲ ಅಂದಿರಿ. ಆಗಲಿ, ಅದನ್ನು ನುಂಗಿಕೊಂಡೆ. ಆಮೇಲೆ ಕೆಲಸ ಬಿಡು ಅಂದಿರಿ. ಗದಗಿನ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಆ ಮಾತು ಕೇಳಿದೆ. ಒಳಗೆ ನಿಮ್ಮ ಅವ್ವನಿಗೆ ರಾಡು ಹಾಕುತ್ತಿದ್ದರು. ತಗ್ಗು ತೋಡಿದವರಿಗೆ ಒಂದು ಮಾತಿಲ್ಲ, ದೀಪ ಹಾಕದವರಿಗೆ ಒಂದು ಮಾತಿಲ್ಲ. ನಡೆದು ಬರುವವಳು ನಡೆಯುವುದನ್ನು ಬಿಡಬೇಕು. ನಾನು ಮನೆಯಲ್ಲಿ ಕೂತರೆ ರಸ್ತೆ ಸರಿಯಾಗುತ್ತದೆಯೇ? ನಾಳೆ ಪೂಜಾ ದೊಡ್ಡ ಶಾಲೆಗೆ ಗಜೇಂದ್ರಗಡಕ್ಕೆ ಹೋಗಿ ಇದೇ ಕ್ರಾಸಿನಲ್ಲಿ ಇಳಿಯುತ್ತಾಳೆ. ಅವಳಿಗೂ ಮನೆಯಲ್ಲಿ ಕೂಡು ಎನ್ನುತ್ತೀರಾ?

ಹೋದ ಮಂಗಳವಾರ ಗುರುಸಂಗಪ್ಪನವರು ಮನೆಗೆ ಬಂದಿದ್ದರು. ಪೈಪಿನ ಕೆಲಸದ ಗುತ್ತಿಗೆ ಅವರದೇ ಎಂದು ಊರಿಗೆಲ್ಲ ಗೊತ್ತು. ಬಾಳೆಹಣ್ಣು, ಎಳನೀರು ತಂದಿದ್ದರು. ನಾನು ಅಂದು ರಜೆ ಹಾಕಿದ್ದೆ. ನಿಮ್ಮ ಅವ್ವನ ಹೊರಸಿನ ಹತ್ತಿರ ಕುರ್ಚಿ ಹಾಕಿಸಿಕೊಂಡು, ಮಲಗಿದವರನ್ನು ಬಿಟ್ಟು ನನ್ನ ಕಡೆ ನೋಡಿ ಹೇಳಿದರು: "ತಂಗಿ, ಆದದ್ದು ಆಗಿ ಹೋತು. ಹೊತ್ತು ಮುಳುಗಿದ ಮ್ಯಾಲ ಹೆಣ್ಮಕ್ಕಳು ಅಡ್ಡಾಡಿದ್ರ ಹಿಂಗ ಆಗ್ತೈತಿ. ಒಂದು ಚಲೋ ಬ್ಯಾಟ್ರಿ ತಗೋರಿ. ಯಾರರ ಕೇಳಿದ್ರ ಅಂಗಳದಾಗ ಕಾಲ ಜಾರಿ ಬಿದ್ಲು ಅಂತ ಹೇಳ್ರಿ. ನಿನ್ನ ಗಂಡ ದ್ಯಾಮೇಶನ ಜೋಡಿ ಮಾತಾಡೇನಿ, ಅಂವನೂ ಹೂಂ ಅಂದಾನ." ನಿಮ್ಮ ಅವ್ವ ಕಣ್ಣು ಮುಚ್ಚಿಕೊಂಡಿದ್ದರು, ಮಲಗಿದ್ದಾರೆ ಎಂದುಕೊಂಡಿದ್ದೆ. ಅವರು ಕಣ್ಣು ತೆರೆಯದೇ ಅಂದರು: "ಸಾವ್ಕಾರ್ರ, ಕತ್ತಲಿ ನಾ ಹುಟ್ಟಿದಾಗಿಂದ ನೋಡೇನ್ರಿ. ನನ್ನ ಕೆಡವಿದ್ದು ಕತ್ತಲಿ ಅಲ್ರಿ, ತಗ್ಗು." ಗುರುಸಂಗಪ್ಪನವರು ಎದ್ದು ಹೋದರು. ಬಾಳೆಹಣ್ಣನ್ನು ನಾನು ಮುಟ್ಟಲಿಲ್ಲ, ಎದುರುಮನೆಯ ಆಕಳು ತಿಂದಿತು.

ಅವತ್ತು ಸಂಜೆ ನಿಮಗೆ ಫೋನ್ ಮಾಡಿ ಕೇಳಿದೆ. ನೀವು ಇಲ್ಲ ಅನ್ನಲಿಲ್ಲ. "ಪೈಪಿನ ಕೆಲಸಕ್ಕ ನನ್ನ ಮೇಸ್ತ್ರಿ ಮಾಡ್ತೀನಿ ಅಂದಾರ. ಊರಾಗ ಇರಬಹುದು. ಅಂಗಳ ಅಂದ್ರ ಏನಾತು?" ಅಂದಿರಿ. ನೀವು ಊರಿಗೆ ಬರುವುದು ನನಗೆ ಬೇಡವಾಗಿದೆಯೇ? ಪೂಜಾ ಹುಟ್ಟಿದಾಗಿನಿಂದ ನಿಮ್ಮನ್ನು ಹಬ್ಬದ ನೆಂಟರ ಹಾಗೆ ಕಂಡವಳು ನಾನು. ಆದರೆ ತಾಯಿಯ ಮುರಿದ ಕಾಲನ್ನು ಮೆಟ್ಟಿಲು ಮಾಡಿಕೊಂಡು ಮನೆ ಹತ್ತುವುದು ಯಾವ ಬರುವಿಕೆ?

ಗುರುಸಂಗಪ್ಪನವರ ಒಂದು ಮಾತನ್ನು ಮಾತ್ರ ನಾನು ಪಾಲಿಸಿದೆ. ಚಲೋ ಬ್ಯಾಟ್ರಿ ತೆಗೆದುಕೊಂಡೆ. ಇನ್ನು ಯಾರೂ ಕತ್ತಲೆಯ ಮೇಲೆ, ಬ್ಯಾಟ್ರಿಯ ಮೇಲೆ ತಪ್ಪು ಹೊರಿಸಬಾರದು, ಅದಕ್ಕೆ. ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಮರುನ್ನಿಸಾಳನ್ನು ಕರೆದುಕೊಂಡು ಗಜೇಂದ್ರಗಡದ ಅರ್ಜುನಪ್ಪನ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಕಮರುನ್ನಿಸಾ ನನ್ನ ಪಕ್ಕದ ಮಷೀನಿನವಳು, ಮಾತಿಗೆ ಮುಲಾಜು ಇಟ್ಟುಕೊಂಡವಳಲ್ಲ. ಅರ್ಜುನಪ್ಪ ಮೊದಲು ತೆಗೆದದ್ದು ಗುಲಾಬಿ ಬಣ್ಣದ್ದು, ಬೆರಳಿನಷ್ಟು, ಲೇಡೀಸ್ ಬ್ಯಾಟ್ರಿಯಂತೆ. ಲಿಪ್‌ಸ್ಟಿಕ್ ಹುಡುಕಲು ಸಾಕು ಎಂದು ಕಮರುನ್ನಿಸಾ ಅದನ್ನು ಬದಿಗಿಟ್ಟಳು. ಆಮೇಲೆ ನಿಮ್ಮದರಂಥದ್ದೇ ಒಂದು ದೊಡ್ಡದು, ಡಬ್ಬಿಯ ಮೇಲೆ ಎಣಿಸಲಾರದಷ್ಟು ಸೊನ್ನೆ. ಗುಡ್ಡದ ಕೋಟೆಯ ತನಕ ಹೋಗುತ್ತದೆ ಎಂದ. ಕೋಟೆಗೆ ನನ್ನದೇನು ಕೆಲಸ? ಹಣೆಗೆ ಕಟ್ಟಿಕೊಳ್ಳುವುದನ್ನೂ ನೋಡಿದೆ, ಕೈ ಎರಡೂ ಬಿಡುವಾಗಿರುತ್ತವೆ, ಚಲೋ ಅನಿಸಿತು. ಆದರೆ ಯಾರ ಜೊತೆ ಮಾತಾಡಲು ತಿರುಗಿದರೂ ಅವರ ಕಣ್ಣಿಗೇ ಹೊಡೆಯುತ್ತದೆ, ಸೆರಗು ತಲೆಯ ಮೇಲೆ ನಿಲ್ಲುವುದಿಲ್ಲ.

ಬೀದಿಯ ಬಿಸಿಲಿನಲ್ಲಿ ಬ್ಯಾಟ್ರಿ ನೋಡಿದರೆ ಏನು ತಿಳಿಯುತ್ತದೆ? ಹಿಂದಿನ ಗೋದಾಮು ತೆಗೆಯಿರಿ ಎಂದೆ. ಕದ ಹಾಕಿಕೊಂಡೆವು. ಕಮರುನ್ನಿಸಾ ತನ್ನ ಒಂದು ಚಪ್ಪಲಿಯನ್ನು ಕತ್ತಲೆಯಲ್ಲಿ ಎಲ್ಲೋ ಎಸೆದು, ಯಾವ ಬೆಳಕಿನಲ್ಲಿ ಅದು ಲಗೂ ಸಿಗುತ್ತದೆ ನೋಡು ಎಂದಳು. ಅಗಲಕ್ಕೆ ಹರಡಿ, ಎರಡೂ ಕಾಲಿನ ಮುಂದೆ, ದಾರಿಯ ಎರಡೂ ಅಂಚಿಗೆ ಬೆಳಕು ಬೀಳುವಂಥದ್ದು ಒಂದೇ ಇತ್ತು. ಕೈಗೆ ಹಗುರ, ಕರಿಯದು, ನೋಡಲು ಏನೂ ಅಲ್ಲ. ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಕಡಿಮೆ ಇಟ್ಟರೆ ಎದುರು ಬರುವವರ ಕಣ್ಣು ಕುಕ್ಕುವುದಿಲ್ಲ, ಬಹಳ ಹೊತ್ತು ಬಾಳುತ್ತದೆ. ಚಾರ್ಜ್ ಮುಗಿಯುತ್ತ ಬಂದರೆ ಬದಿಗೆ ಕೆಂಪು ಚುಕ್ಕೆ ಹತ್ತುತ್ತದೆ. ಫೋನಿನ ವೈರೇ ಇದಕ್ಕೂ ಆಗುತ್ತದೆ. ಎದೆಯೆತ್ತರದಿಂದ ಬೀಳಿಸಿದೆ, ಆರಲಿಲ್ಲ. ಕೊಡದ ನೀರು ಸುರಿದೆ, ಆರಲಿಲ್ಲ. ಕೊನೆಗೆ, ಈಗ ಹಚ್ಚಿ ಇಲ್ಲೇ ಇಡಿರಿ, ಕಾರ್ಖಾನೆ ಬಿಟ್ಟ ಮೇಲೆ ಬಂದು ನೋಡುತ್ತೇವೆ, ಉರಿಯುತ್ತಿದ್ದರೆ ಒಯ್ಯುತ್ತೇವೆ ಎಂದೆ. ಅರ್ಜುನಪ್ಪ ತಲೆ ಮೇಲೆ ಕೈಯಿಟ್ಟುಕೊಂಡ. "ಅಕ್ಕಾರ, ಬ್ಯಾಟ್ರಿ ತಗೊಳ್ಳಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?" ಅದಕ್ಕೆ ಕಮರುನ್ನಿಸಾ, "ಕನ್ಯಾ ನೋಡಾಕ ಬಂದಾವ್ರು ಉಪ್ಪಿಟ್ಟು ತಿಂದು ಹೋಗ್ತಾರ್ರಿ. ನಾವು ಇದನ್ನ ನಂಬಿ ನಡ್ಯಾವ್ರು" ಎಂದಳು. ಸಂಜೆ ಹೋದಾಗ ಅದು ಗಲ್ಲಾದ ಮೇಲೆ ಹಾಗೇ ಉರಿಯುತ್ತಿತ್ತು. ಮಾರಿದ್ದಕ್ಕಿಂತ ನಾವು ಹೊರಟಿದ್ದಕ್ಕೇ ಅರ್ಜುನಪ್ಪನಿಗೆ ಹೆಚ್ಚು ಖುಷಿಯಾದಂತಿತ್ತು. ಅಂಗಡಿಯಲ್ಲೇ ಒಂದಿಷ್ಟು ಚಾರ್ಜ್ ಮಾಡಿಸಿಕೊಂಡು ಬಸ್ಸು ಹತ್ತಿದೆ.

ಕ್ರಾಸಿನಲ್ಲಿ ಕಾಶೀಂಬಿ ಕಾಯುತ್ತಿದ್ದಳು. ನಿಮ್ಮ ಅವ್ವ ಬಿದ್ದಾಗಿನಿಂದ ನಾವಿಬ್ಬರೂ ಕೂಡಿಯೇ ಬರುತ್ತೇವೆ. ಬ್ಯಾಟ್ರಿ ಹಚ್ಚಿದೆ. ಏನು ಹೇಳಲಿ, ಕಲ್ಲು, ಹುಲ್ಲು, ಬೈಕಿನ ಗಾಲಿಯ ಗುರುತು, ಎಲ್ಲ ಹಗಲಿನ ಹಾಗೆ. ಇಷ್ಟು ವರ್ಷ ನಡೆದ ದಾರಿಯಲ್ಲಿ ಅವತ್ತು ಮೊದಲ ಸಲ ನೆಲ ನೋಡಿ ಕಾಲಿಟ್ಟೆ. ತಗ್ಗು ಕ್ರಾಸಿನಿಂದಲೇ ರಸ್ತೆಯ ಬದಿಗೆ ಹಾಗೇ ತೆರೆದುಕೊಂಡಿತ್ತು. ಒಂದು ಕಡೆಯಂತೂ ಒಳಗೆ ನಾಯಿಮರಿ ಬಿದ್ದು ಕುಂಯ್‌ಗುಡುತ್ತಿತ್ತು, ಕಾಶೀಂಬಿ ಇಳಿದು ಎತ್ತಿದಳು. ಹಾಗೇ ಮುಂದೆ ಬಂದರೆ, ನಿಮ್ಮ ಅವ್ವ ಬಿದ್ದ ಜಾಗದಲ್ಲಿ ತಗ್ಗೇ ಇಲ್ಲ! ಹಸಿ ಮಣ್ಣು ತುಂಬಿ, ನೀರು ಹೊಡೆದು, ಗುದ್ದಿ ಸಮ ಮಾಡಿದ್ದರು. ಮುಂಜಾನೆ ನಾನು ಬಸ್ಸಿಗೆ ಹೋಗುವಾಗ ಅದು ತೆರೆದೇ ಇತ್ತು. ಆಚೆ ತಗ್ಗು, ಈಚೆ ತಗ್ಗು, ನಡುವೆ ಒಂದು ಹೊರಸಿನಷ್ಟು ಮಾತ್ರ ಮುಚ್ಚಿದ್ದಾರೆ. ಇನ್ನೊಬ್ಬರು ಬೀಳಬಾರದು ಎಂದು ಮುಚ್ಚಿದ್ದಲ್ಲ, ನಿಮ್ಮ ಅವ್ವ ಬಿದ್ದಲ್ಲಿ ತಗ್ಗೇ ಇರಲಿಲ್ಲ ಎನ್ನಲು ಮುಚ್ಚಿದ್ದು. ಕಾಶೀಂಬಿ ಆ ಹಸಿ ಮಣ್ಣಿನ ಮೇಲೆ ನಿಂತು, "ಇಲ್ಲೇ ಬಿದ್ದಿದ್ಲು ಉಡಚವ್ವ. ನಾನ ಎತ್ತೇನಿ. ಯಾರ ಮುಂದ ಬೇಕಾದ್ರೂ ಹೇಳ್ತೇನಿ, ಬಾ" ಎಂದಳು. ಅವಳಿಗೆ ಬ್ಯಾಟ್ರಿ ಹಿಡಿಯಲು ಕೊಟ್ಟು ಫೋನಿನಲ್ಲಿ ಫೋಟೋ ತೆಗೆದೆ. ಒಂದೊಂದು ಹೆಂಟೆಯೂ ಬಿಡಿಬಿಡಿಯಾಗಿ ಬಂದಿದೆ.

ನಿಮ್ಮ ಊಟ, ಔಷಧ ನೋಡಿಕೊಳ್ಳಿ. ಗೋಣೆಪ್ಪಣ್ಣನ ಕೈಯಲ್ಲಿ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಳಿಸಿದ್ದೇನೆ. ಸಿಟ್ಟು ಬೇರೆ, ರೊಟ್ಟಿ ಬೇರೆ. ಪೂಜಾ ನಮಸ್ಕಾರ ಹೇಳಿದ್ದಾಳೆ. ಆ ದೊಡ್ಡ ಬ್ಯಾಟ್ರಿಯನ್ನು ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ, ಅಲ್ಲಿಯೇ ಯಾರಿಗಾದರೂ ಮರ ನೋಡಲು ಕೊಡಿರಿ.

ನಿಮ್ಮ
ಅನಿತಾ

ತಾ.ಕ.: ಮಡಿಚಿಟ್ಟ ಪತ್ರವನ್ನು ಮತ್ತೆ ಬಿಚ್ಚಿದ್ದೇನೆ, ಗೋಣೆಪ್ಪಣ್ಣನ ಬಸ್ಸಿನ ಹೊತ್ತಾಗಿದೆ, ಅಕ್ಷರ ನೋಡಬೇಡಿ. ನಿನ್ನೆ ರವಿವಾರ ಕಾಶೀಂಬಿಯನ್ನು ಕರೆದುಕೊಂಡು ಗಜೇಂದ್ರಗಡದ ಪೊಲೀಸ್ ಠಾಣೆಗೆ ಹೋಗಿ ಗುರುಸಂಗಪ್ಪನವರ ಮೇಲೆ ದೂರು ಕೊಟ್ಟು ಬಂದೆ, ಫೋಟೋ ಸಮೇತ. ಮೇಸ್ತ್ರಿ ಕೆಲಸ ಹೋಯಿತು ಎಂದೇ ತಿಳಿಯಿರಿ. ಕಾರ್ಖಾನೆಯ ಕೆಲಸ ನಾನು ಬಿಡುವುದಿಲ್ಲ. ಇವತ್ತು ಮುಂಜಾನೆ ಪೊಲೀಸರು ಮನೆಗೇ ಬಂದು ನಿಮ್ಮ ಅವ್ವನ ಹೇಳಿಕೆ ಬರೆದುಕೊಂಡು ಹೋದರು. ನಿಮಗೂ ಫೋನ್ ಮಾಡುತ್ತಾರೆ, ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. "ನಿಮ್ಮ ಮಗ ಅಂಗಳದಾಗ ಬಿದ್ದಾರ ಅಂತ ಹೇಳ್ಯಾನ ಅಂತ ಗುರುಸಂಗಪ್ಪನವರು ಅಂತಾರಲ್ಲ, ಅಜ್ಜಿ?" ಎಂದು ಪೊಲೀಸರು ಕೇಳಿದಾಗ ನಿಮ್ಮ ಅವ್ವ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಅಂವ ಅವತ್ತು ಊರಾಗ ಇರಲಿಲ್ಲ, ಸಾಹೇಬ್ರ. ಮೊದಲು ಅದನ್ನ ಬರ್ಕೋರಿ" ಎಂದರು.