ಇಬ್ಬರು ಮಲ್ಲಮ್ಮಂದಿರು, ಒಂದು ಕಲಮು

೧೬ ನವೆಂಬರ್, ಭಾನುವಾರ. ತೆರಕಣಾಂಬಿ.

ಚಿಕ್ಕಮಲ್ಲಮ್ಮನ ರೇಷನ್ ಕಾರ್ಡು ರದ್ದಾದದ್ದು ವಾರದಿಂದ ತಲೆ ಕೊರೆಯುತ್ತಿತ್ತು. ಮನೆದೇವರ ಹೆಸರನ್ನೇ ಮಕ್ಕಳಿಗೆಲ್ಲ ಇಡುವುದು ನಮ್ಮ ಕಡೆಯ ರೂಢಿ. ಅಕ್ಕ ದೊಡ್ಡಮಲ್ಲಮ್ಮ, ತಂಗಿ ಚಿಕ್ಕಮಲ್ಲಮ್ಮ; ಕಾರ್ಡಿನಲ್ಲಿ ಇಬ್ಬರೂ ಬರೀ ಮಲ್ಲಮ್ಮ, ಅಪ್ಪ ಒಬ್ಬನೇ, ಬೀದಿಯೂ ಒಂದೇ. ಇಬ್ಬರೂ ಒಬ್ಬಳೇ ಎಂದು ಕಂಪ್ಯೂಟರ್ ತೀರ್ಮಾನಿಸಿ ತಂಗಿಯನ್ನು ಹೊಡೆದುಹಾಕಿದೆ. ಯಾರನ್ನು ಕೇಳಿದರೂ ಸಿಸ್ಟಮ್ ಮಾಡಿದ್ದು ಎನ್ನುತ್ತಾರೆ. ಸಿಸ್ಟಮ್‌ನ ಕೊರಳಪಟ್ಟಿ ಹಿಡಿಯುವುದು ಹೇಗೆ?

ಅದಕ್ಕೇ ಇಂದು ನಮ್ಮ ಕೂಲಿಕಾರರ ಸಂಘದ ಸಭೆ. ಯಂತ್ರದ ತೀರ್ಮಾನಗಳಿಗೆ ಲಗಾಮು ಹಾಕುವ ಕಾನೂನನ್ನು ರಾಜ್ಯ ಸರ್ಕಾರ ತರಬೇಕೆಂದು ಹಕ್ಕೊತ್ತಾಯ ಬರೆಯಲು ಕೂತೆವು. ವಕೀಲೆ ರೂಪಶ್ರೀ 'ಕಾರಣ ಕೇಳುವ ಹಕ್ಕು' ಎಂದು ಬರೆದಳು. ಸಾಲದು ಎಂದು ನಾನು ಗುಡುಗಿದೆ. ಕಾರಣ ಬರುವ ತನಕ ಹೊಟ್ಟೆ ಕಾಯುತ್ತದೆಯೇ? ಮನುಷ್ಯರೇ ಎದುರು ಕೂತು ವಿಚಾರಿಸುವವರೆಗೆ ಅಕ್ಕಿ ನಿಲ್ಲಿಸಬಾರದು, ಅಷ್ಟೇ.

"ಇದನ್ನ ಸರ್ಕಾರದವರು ಒಪ್ಪೋದು ಕಷ್ಟ ಸರ್," ಎಂದಳು ರೂಪಶ್ರೀ.

"ನೀ ಬರಿ ಕಣಮ್ಮಿ, ಒಪ್ದೆ ಎಲ್ಗೋದಾರು?" ಎಂದಳು ಚಿಕ್ಕಮಲ್ಲಮ್ಮ. "ನಮ್ಮಕ್ಕ ತನ್ ಅಕ್ಕೀಲೇ ನನ್ಗೂ ಇಕ್ಕಿ ಇಕ್ಕಿ ಮೂತಿ ಊದುಸ್ಕಂಡವ್ಳೆ."

"ಉಂಡೋಳ್ಗೆ ನಾಲ್ಗೆ ನೋಡು!" ಎಂದು ಅಕ್ಕ ತಿವಿದಳು. ಸಭೆಗೆ ಸಭೆಯೇ ನಕ್ಕಿತು. ರೂಪಶ್ರೀಯೂ ನಗುತ್ತಲೇ ಬರೆದಳು.

ಇಷ್ಟು ಕಾಲ ಬೀದಿಯಲ್ಲಿ ಕೂಗಿದ್ದೇನೆ. ಕೂಗು ಕಲಮಿನ ಆಕಾರ ಪಡೆಯುವುದನ್ನು ಇಂದು ಕಣ್ಣಾರೆ ಕಂಡೆ. ಕಾನೂನಾಗಲು ಇನ್ನೂ ಬಡಿದಾಡಬೇಕು, ಗೊತ್ತು. ಆದರೂ ಮನಸ್ಸು ತುಂಬಿದೆ.

ನಾಳೆ ಹಕ್ಕೊತ್ತಾಯವನ್ನು ಚಾಮರಾಜನಗರಕ್ಕೆ, ಜಿಲ್ಲಾಧಿಕಾರಿಯ ಕಚೇರಿಗೆ ಒಯ್ಯಬೇಕು. ಹೊರಡುವಾಗ ದೊಡ್ಡಮಲ್ಲಮ್ಮ ಹೇಳಿದಳು: "ನಾನೂ ಬತ್ತೀನಿ ಕಣಪ್ಪ. ಸಾಹೇಬ್ರ ಮುಂದೆ ನಾವಿಬ್ರೂ ಪಕ್ಕಪಕ್ಕ ನಿಂತ್ಕತೀವಿ. ಎಣುಸ್ಕಳ್ಲಿ."