ಇಲ್ಯಾರಿಯ ಹುಟ್ಟುಗೂದಲು

ಜೂನ್ ೧೨, ಗುರುವಾರ. ಕುಸ್ಕೊ.

ಇಲ್ಯಾರಿಯ ಹುಟ್ಟುಗೂದಲು ಇವತ್ತು ಶಿಶುವಿಹಾರದ ಕಸದ ಬುಟ್ಟಿ ಸೇರಿತು. ಹೇನಾಗಿದೆ ಎಂದು ಮುಖ್ಯಸ್ಥೆ ಮಿರ್ತಾ ಕತ್ತರಿ ಹಿಡಿದರು. ನಾನು ಅಡುಗೆಕೋಣೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮ ಬೆಟ್ಟದ ಕಡೆ ಮಗುವಿನ ಮೊದಲ ಕುರುಳನ್ನು ಕತ್ತರಿಸಿದವರು ಅದಕ್ಕೆ ಧರ್ಮತಾಯಿಯಾಗುತ್ತಾರೆ, ಸಾಯುವ ತನಕ. ಆ ಶಾಸ್ತ್ರವನ್ನು ಇಲ್ಯಾರಿಯ ಮನೆಯಲ್ಲಿ ಈ ಭಾನುವಾರ ಇಟ್ಟುಕೊಂಡಿದ್ದರು.

ಬಾಗಿಲ ಮೇಲೆ ಕೆಚುವಾ ಭಾಷೆಯಲ್ಲಿ ಬಣ್ಣಬಣ್ಣವಾಗಿ ‘ಸುಸ್ವಾಗತ’ ಬರೆಸಿದ್ದಾರೆ ಮಿರ್ತಾ. ನಮ್ಮ ಭಾಷೆಯಲ್ಲಿ ಅವರಿಗೆ ಬರುವುದು ಅದೊಂದೇ ಮಾತು. ಮಿಕ್ಕಿದ್ದನ್ನು ಅನುವಾದಿಸಿ ಹೇಳೋಕೆ ಸಹಾಯಕಿ ನಾನಿದ್ದೇನಲ್ಲ, ಅದೂ ಕೆಲಸ ಕೆಟ್ಟ ಮೇಲೆ.

ಸಂಜೆ ಇಲ್ಯಾರಿಯ ತಾಯಿ ಫೌಸ್ತಿನಾ ಬಂದಳು.

“ಕೂದಲು ತಾನೇ, ಮತ್ತೆ ಬೆಳೆಯುತ್ತೆ ಅಂತ ಹೇಳೇ ಅವಳಿಗೆ,” ಎಂದರು ಮಿರ್ತಾ.

ಹೇಳಿದೆ. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮಗಳ ಮೋಟುಗೂದಲನ್ನು ಸವರಿದಳು.

“ಕತ್ತರಿಸಿದ್ದು ಇವರು ಅಂದ್ಮೇಲೆ ಧರ್ಮತಾಯೀನೂ ಇವರೇ ಅಲ್ವೇನಕ್ಕಾ? ಭಾನುವಾರ ಬರೋಕೆ ಹೇಳು. ಶಾಸ್ತ್ರದ ಊಟಕ್ಕೆ ಅಂತ ಗಿನಿಯಿಲಿ ಕೊಬ್ಬಿಸಿಟ್ಟಿದೀನಿ, ಹುರೀತೀನಿ.”

ಮಿರ್ತಾಗೆ ಎಲ್ಲ ಬಿಡಿಸಿ ಹೇಳಿದೆ. ಜೋರಾಗಿ ನಕ್ಕುಬಿಟ್ಟರು.

“ಅಯ್ಯೋ, ಭಾನುವಾರವಾ? ನಂಗಿರೋದು ಅದೊಂದೇ ರಜಾ ಕಣೆ! ಏನಾದ್ರೂ ನೆಪ ಹೇಳಿ ಸಾಗಹಾಕು.”

ಆ ನಗುವನ್ನೇ ಒಪ್ಪಿಗೆ ಅಂದುಕೊಂಡಳು ಫೌಸ್ತಿನಾ. ತಾನೂ ನಕ್ಕು ಅವರನ್ನು ಬಿಗಿಯಾಗಿ ಅಪ್ಪಿಕೊಂಡಳು. ನಾನು ನೆಪ ಹೇಳದೆಯೇ ತಾಯಿ ಮಗಳನ್ನು ಬಾಗಿಲವರೆಗೆ ಬಿಟ್ಟುಬಂದೆ.

ಭಾನುವಾರ ಅವಳು ಗಿನಿಯಿಲಿ ಕೊಯ್ಯುವ ಮೊದಲೇ ನಾನು ಅವಳ ಮನೆಯ ಬೆಟ್ಟ ಹತ್ತಬೇಕು. ಹತ್ತಿ ಏನು ಹೇಳಲಿ? ತಾಯಿ, ನಿನ್ನ ಮಗಳ ಧರ್ಮತಾಯಿಗೆ ಇವತ್ತು ರಜಾ ಅಂತಲೇ?