ಟೀಮಿನ ಡಾಕ್ಟರಿಗೆ ನಾನು ಹೇಳಿದ್ದು

ಫಹಾಹೀಲ್, ಕುವೈತ್
೭ ಮಾರ್ಚ್ ೨೦೨೫, ಶುಕ್ರವಾರ

ಪ್ರೀತಿಯ ಮಗ ಹರ್ಷಿತನಿಗೆ,

ತಲೆನೋವು ಹೇಗಿದೆ? ಬೆಳಕು ಕಂಡರೆ ಕಣ್ಣು ಚುಚ್ಚುವುದು ಕಡಿಮೆಯಾಯಿತೇ? ಅಮ್ಮನ ಮೊಣಕಾಲು ಹಾಗೆಯೇ ಇದೆ, ನಡೆಯುವುದಕ್ಕಿಂತ ಹೆಚ್ಚು ಗೊಣಗುತ್ತಾಳೆ. ಕಳೆದ ವಾರ ಒಂದೇ ಫೋನಿನಲ್ಲಿ ನೀನು ಅದನ್ನು ಮೂರು ಸಲ ಕೇಳಿದೆ. ಮೂರು ಸಲವೂ ಅವಳು ಹೊಸದಾಗಿ ಕೇಳಿದಂತೆ ಉತ್ತರ ಕೊಟ್ಟಳು. ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮರೆತರೆ ಮತ್ತೆ ಓದಬಹುದಲ್ಲ.

ರಂಜಾನ್ ಆದ್ದರಿಂದ ಸಬ್ಹಾನಿನ ನಮ್ಮ ಗೋದಾಮು ಎರಡು ಗಂಟೆಗೇ ಮುಚ್ಚುತ್ತದೆ. ಮನೆಗೆ ಬಂದು ನಿನ್ನ ಹಳೆಯ ಮ್ಯಾಚುಗಳನ್ನು ನೋಡುತ್ತೇನೆ. ಇಲ್ಲಿಯ ಶಾಲೆಯಲ್ಲಿ ಒಬ್ಬ ಅಮೆರಿಕದ ಮಾಸ್ಟರ್ ಕಲಿಸಿದ ಅಮೆರಿಕನ್ ಫುಟ್‌ಬಾಲ್ ಆಟ, ಅವರದೇ ದೇಶದಲ್ಲಿ ನಿನಗೆ ಆರು ವರ್ಷದಿಂದ ಅನ್ನ ಕೊಟ್ಟಿದೆ. ಲೈನ್‌ಬ್ಯಾಕರ್ ಎಂದರೆ ಚೆಂಡು ಹಿಡಿದು ನುಗ್ಗುವವನನ್ನು ಅಡ್ಡಹಾಕಿ ಕೆಡವುವವನು ಎಂದು ನೆಂಟರಿಗೆ ಹೇಳಿ ಹೇಳಿ ಸಾಕಾಗಿ, ಹೆಲ್ಮೆಟ್ ಹಾಕಿದ ಕಬಡ್ಡಿ ಎಂದುಬಿಡುತ್ತಿದ್ದೆ. ನೀನು ಕೆಡವಿದಾಗಲೆಲ್ಲ ಸೋಫಾದಿಂದ ಎದ್ದು ಕುಣಿದವನೂ ನಾನೇ. ಈಗ ಬಿದ್ದವನ ಕಡೆ ನನ್ನ ಕಣ್ಣು ಹೋಗುವುದಿಲ್ಲ, ನೀನು ಏಳಲು ಎಷ್ಟು ಹೊತ್ತಾಗುತ್ತದೆ ಎಂದು ನೋಡುತ್ತೇನೆ. ಡಿಸೆಂಬರಿನ ಮ್ಯಾಚಿನಲ್ಲಿ ಎದ್ದವನು ನಿಮ್ಮವರೆಂದು ಎದುರಾಳಿಗಳ ಗುಂಪಿನ ಕಡೆಗೆ ನಡೆದೆ. ಕಾಮೆಂಟರಿಯವನು ನಕ್ಕ. ನಾನು ಟಿವಿ ಆರಿಸಿದೆ.

ನನ್ನದೊಂದು ತಪ್ಪಿದೆ. ನಿನ್ನನ್ನು ಸೇರಿಸಿಕೊಳ್ಳುವ ಮೊದಲು ಟೀಮಿನ ಡಾಕ್ಟರ್ ನನಗೆ ಫೋನ್ ಮಾಡಿ, ಹುಡುಗನಿಗೆ ಮೊದಲು ತಲೆಗೆ ಪೆಟ್ಟಾಗಿತ್ತೇ ಎಂದು ಕೇಳಿದ್ದರು. ಇಲ್ಲ ಎಂದೆ. ಹದಿನಾಲ್ಕನೇ ವಯಸ್ಸಿನಲ್ಲಿ ನೀನು ಶಾಲೆಯ ಮೈದಾನದಲ್ಲಿ ಬಿದ್ದು ಅರ್ಧ ಗಂಟೆ ಎಚ್ಚರವಿಲ್ಲದೆ ಇದ್ದೆ, ಹದಿನಾರರಲ್ಲಿ ಮತ್ತೊಮ್ಮೆ. ಎರಡನ್ನೂ ನಾನು ಹೇಳದೆ ನುಂಗಿದೆ. ನಾನು ಕುವೈತಿಗೆ ಬಂದ ಹೊಸತರಲ್ಲಿ ಕೆಲಸಗಾರರ ಕ್ಯಾಂಪಿನ ಹಿರಿಯರು ಮೊದಲು ಕಲಿಸಿದ ಪಾಠವೇ ಅದು. ಇಲ್ಲಿರಲು ಬೇಕಾದ ಇಕಾಮಾ ಪರವಾನಗಿಯ ಮೆಡಿಕಲ್‌ನಲ್ಲಿ ಡಾಕ್ಟರ್ ಏನು ಕೇಳಿದರೂ ಇಲ್ಲ ಎನ್ನಬೇಕು, ಅನ್‌ಫಿಟ್ ಎಂದು ಬರೆದರೆ ಮರುದಿನವೇ ಊರಿಗೆ ವಿಮಾನ. ನನ್ನ ಸಕ್ಕರೆ ಕಾಯಿಲೆಯನ್ನು ಎಷ್ಟೋ ವರ್ಷ ಹಾಗೆಯೇ ಮುಚ್ಚಿಟ್ಟೆ. ಅಭ್ಯಾಸವಾದ ಬಾಯಿ, ನಿನ್ನ ವಿಷಯದಲ್ಲೂ ಇಲ್ಲ ಎಂದಿತು. ಹೆತ್ತ ಅಪ್ಪ ನಾನು, ಒಂದು ಕ್ಷಣ ಯೋಚಿಸಬೇಕಿತ್ತು.

ಮೊನ್ನೆ ನೀನೂ ಹೇಳಿದೆ, "ಪಪ್ಪ, ಡಾಕ್ಟರ್ ಪುನಃ ಕೇಳಿದ್ರೆ ಮೊದಲಿನ ಹಾಗೇ ಹೇಳಿ. ಎರಡು ವರ್ಷದ ಕಾಂಟ್ರಾಕ್ಟ್ ಒಂದು ಸೈನ್ ಆಗ್ಲಿ, ಮತ್ತೆ ಆಟ ಖಲಾಸ್." ಆಯಿತು ಎಂದಿದ್ದೆ. ಇಲ್ಲಿಗೆ ಎಲ್ಲರೂ ಎರಡು ವರ್ಷ ಎಂದೇ ಬಂದವರು ಮಗಾ. ನಾನು ಬಂದು ಇಪ್ಪತ್ತೊಂಬತ್ತಾಯಿತು.

ಪಕ್ಕದ ಮನೆಯ ವೆಲಿಟಾ ಆಂಟಿ ನಾಳೆ ನಿನ್ನ ಊರಿನಲ್ಲೇ ಇರುವ ಮಗಳ ಮನೆಗೆ ಹೊರಟಿದ್ದಾರೆ. ಈ ಕಾಗದವನ್ನೂ ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿಯನ್ನೂ ಅವರೇ ತಲುಪಿಸುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಕಾಯಲಿ.

ಇಂತು ನಿನ್ನ ಪಪ್ಪ,
ಕಾಂತಪ್ಪ

ತಾ.ಕ.: ಅಮ್ಮನಿಗೂ ಹೇಳಿಲ್ಲ. ನಿನ್ನೆ ಟೀಮಿನ ಡಾಕ್ಟರಿಗೆ ಎರಡೂ ಪೆಟ್ಟಿನ ವಿಷಯ ಬರೆದು ಮೇಲ್ ಕಳಿಸಿದೆ. ಇವತ್ತು ಉತ್ತರ ಬಂತು. ಪೂರ್ತಿ ಪರೀಕ್ಷೆಯಾಗದೆ ನಿನ್ನನ್ನು ಮೈದಾನಕ್ಕೆ ಇಳಿಸುವುದಿಲ್ಲವಂತೆ. ಬಹುಶಃ ಸೈನ್ ಆಗಲಿಕ್ಕಿಲ್ಲ. ನಿನಗೆ ಸಿಟ್ಟು ಬರುತ್ತದೆ, ಬರಲಿ. ಎಷ್ಟು ವರ್ಷ ಬೇಕಾದರೂ ಸಿಟ್ಟು ಮಾಡು ಮಗಾ, ಯಾರ ಮೇಲೆ ಸಿಟ್ಟು ಎಂಬುದು ನಿನಗೆ ನೆನಪಿದ್ದರೆ ಸಾಕು.